ಉಳಿದದ್ದು ಮೂವತ್ತೆರಡು

ಗುರಿಯಿಟ್ಟು ಹೊಡೆಯುವುದು ಗಂಡಸರ ವಿದ್ಯೆ ಎಂದು ತೀರ್ಮಾನ ಮಾಡಿದವರು ಯಾರೋ, ಯಾವಾಗ ಮಾಡಿದರೋ! ದ್ರೋಣಾಚಾರ್ಯರು ಮರದ ಮೇಲೆ ಹಕ್ಕಿಯನ್ನಿಟ್ಟು ಪರೀಕ್ಷೆ ನಡೆಸಿದಾಗ ಸಾಲಾಗಿ ನಿಂತಿದ್ದವರೆಲ್ಲ ಹುಡುಗರೇ. ಆ ಮನೆಯಲ್ಲಿ ದುಶ್ಶಲೆ ಎಂಬ ಒಬ್ಬ ತಂಗಿಯೂ ಇದ್ದಳಲ್ಲ. ಅವಳನ್ನು ಕರೆದು ‘ನಿನಗೇನಮ್ಮ ಕಾಣುತ್ತದೆ?’ ಎಂದು ಕೇಳಿದ್ದರೆ ಏನು ಹೇಳುತ್ತಿದ್ದಳೋ! ನಮ್ಮ ಹಿತ್ತಲಿನ ಮಾವಿನ ಮರದ ತುದಿಯ ಕಾಯನ್ನು ಒಂದೇ ಕಲ್ಲಿಗೆ ಕೆಡವುತ್ತಿದ್ದವಳು ನನ್ನ ದೊಡ್ಡಕ್ಕ. ಅಣ್ಣಂದಿರು ಮೂರು ಕಲ್ಲು ಎಸೆದು ಪಕ್ಕದ ಮನೆಯ ಹೆಂಚು ಒಡೆದು ಬರುತ್ತಿದ್ದರು. ಅಕ್ಕನಿಗೆ ಹನ್ನೆರಡು ತುಂಬಿತು, ಕಲ್ಲೆಸೆಯುವುದು ನಿಂತಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ‘ಇನ್ನು ಸಾಕು’ ಎಂದರು, ಅಷ್ಟೆ. ಅಣ್ಣಂದಿರು ಮಾತ್ರ ಮುಂದೆಯೂ ಹೆಂಚು ಒಡೆಯುತ್ತಲೇ ಇದ್ದರು.

ಇದೆಲ್ಲ ನೆನಪಾದದ್ದು ದೂರದ ಇಂಗ್ಲೆಂಡಿನಲ್ಲಿ. ೨೦೨೩ರಲ್ಲಿ ಮಗಳ ಮನೆಗೆಂದು ಹೋಗಿ ಆರು ತಿಂಗಳು ಅಲ್ಲಿದ್ದೆ. ಲಂಡನ್ನಿನ ನೈಋತ್ಯಕ್ಕೆ ಸರ್ರೆ ಎಂಬ ಸೀಮೆಯಿದೆ. ಅಲ್ಲಿಯ ಒಂದು ಸಣ್ಣ ಊರಿನಲ್ಲಿ ಅವಳ ಸಂಸಾರ. ಹೋದ ಎರಡನೆಯ ವಾರ, ಜಿಟಿಜಿಟಿ ಮಳೆ ಹಿಡಿದ ಒಂದು ದಿನ, ಬೇಳೆಯ ಡಬ್ಬಿ ಹುಡುಕುತ್ತ ಅಡಿಗೆಮನೆಯ ಪಕ್ಕದ ಉಗ್ರಾಣದ ಬಾಗಿಲು ತೆರೆದೆ. ಬಾಗಿಲಿನ ಒಳಮಗ್ಗುಲಿಗೆ ಒಂದು ದುಂಡನೆಯ ಹಲಗೆ ತೂಗುಹಾಕಿತ್ತು. ಕಪ್ಪು, ಬಿಳಿ, ಕೆಂಪು, ಹಸಿರು, ಸುತ್ತ ಅಂಕಿಗಳು, ನಡುವೆ ಮೂರು ಕಿರುಬಾಣಗಳು ನಾಟಿದ್ದವು. ಅಳಿಯಂದಿರ ಆಟದ ಸಾಮಾನಿರಬೇಕೆಂದುಕೊಂಡು ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದೆ. ಅವರು ತಟ್ಟೆಯನ್ನೇ ನೋಡುತ್ತ, ‘ಅದು ನನ್ನದಲ್ಲ ಅತ್ತೆ’ ಎಂದರು. ಮಗಳು ಮಜ್ಜಿಗೆ ತರುತ್ತೇನೆಂದು ಎದ್ದು ಹೋದಳು. ಮಜ್ಜಿಗೆ ಮೇಜಿನ ಮೇಲೆಯೇ ಇದ್ದಿತು.

ಸಂಗತಿ ಇಷ್ಟೆ. ಎರಡು ವರ್ಷಗಳಿಂದ ಅವಳು ಪ್ರತಿ ಗುರುವಾರ ಸಂಜೆ ಊರಿನ ಹೆಂಗಸರ ಡಾರ್ಟ್ಸ್ ತಂಡದಲ್ಲಿ ಆಡುತ್ತಿದ್ದಾಳೆ. ಆಡುವ ಸ್ಥಳ ಪಬ್ಬು. ಪಬ್ಬು ಎಂದರೆ ಅಲ್ಲಿಯವರಿಗೆ ಊರಿನ ಚಾವಡಿ. ನಮ್ಮ ಬಾಯಲ್ಲಿ ಅದು ಹೆಂಡದಂಗಡಿಯೇ. ಆದ್ದರಿಂದಲೇ ಟೆಲಿಫೋನಿನಲ್ಲಿ ವಾರಕ್ಕೆರಡು ಸಲ ಮಾತಾಡುವ ಮಗಳು ಹುಳಿಗೆ ಹಾಕಿದ ಮೂಲಂಗಿಯ ಬೆಲೆಯವರೆಗೆ ಎಲ್ಲವನ್ನೂ ಹೇಳಿದರೂ ಇದೊಂದನ್ನು ಹೇಳಿರಲಿಲ್ಲ. ಅಲ್ಲಿ ಅವಳು ಕುಡಿಯುವುದು ನಿಂಬೆಹಣ್ಣಿನ ಪಾನಕವೆಂದು ಹೇಳಿದ್ದಾಳೆ. ನಾನು ನಂಬಿದ್ದೇನೆ.

ಮೂವತ್ತೊಂದು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಆಟಗಳ ವಿಷಯದಲ್ಲಿ ನನಗೆ ಹೆಚ್ಚಿನ ಆಸ್ಥೆಯಿಲ್ಲ. ಆದರೆ ಮಗಳು ನನ್ನನ್ನು ಒಲಿಸಿಕೊಳ್ಳಲು ಹಲಗೆಯ ಮುಂದೆ ನಿಲ್ಲಿಸಿ ಆಟದ ಕ್ರಮ ವಿವರಿಸತೊಡಗಿದಾಗ, ಇದು ಆಟದ ವೇಷ ಹಾಕಿಕೊಂಡ ವ್ಯವಕಲನವೆಂದು ಐದು ನಿಮಿಷದಲ್ಲೇ ಗೊತ್ತಾಯಿತು. ಇಬ್ಬರೂ ೫೦೧ರಿಂದ ಹೊರಡುತ್ತಾರೆ. ಸರದಿಗೆ ಮೂರು ಬಾಣ. ಬಿದ್ದ ಅಂಕವನ್ನು ಕಳೆಯುತ್ತ ಕಳೆಯುತ್ತ ಸರಿಯಾಗಿ ಸೊನ್ನೆಗೆ ಇಳಿಯಬೇಕು. ಹಲಗೆಯಲ್ಲಿ ಇಪ್ಪತ್ತು ಹೋಳುಗಳು. ಹೊರ ಅಂಚಿನ ಕಿರಿದಾದ ಪಟ್ಟಿಯಲ್ಲಿ ಬಿದ್ದರೆ ಅಂಕ ಇಮ್ಮಡಿ; ನಡುವಿನ ಪಟ್ಟಿಯಲ್ಲಿ ಬಿದ್ದರೆ ಮೂರ್ಮಡಿ. ಆ ಪಟ್ಟಿಗಳ ಅಗಲ ಎಂಟು ಮಿಲಿಮೀಟರು, ಎಂದರೆ ನಮ್ಮ ಕಿರುಬೆರಳ ಉಗುರಿನಷ್ಟು. ನಟ್ಟನಡುವಿನ ಕೆಂಪು ಕಣ್ಣಿಗೆ ಐವತ್ತು. ಕೊನೆಯ ಬಾಣ ಇಮ್ಮಡಿಯ ಪಟ್ಟಿಗೋ ಆ ಕೆಂಪು ಕಣ್ಣಿಗೋ ಬೀಳಲೇಬೇಕು. ಇಲ್ಲದಿದ್ದರೆ ಆಟ ಮುಗಿಯದು. ಒಂದು ಅಂಕ ಹೆಚ್ಚಾಗಿ ಹೊಡೆದರೂ ಆ ಸರದಿಯೇ ವ್ಯರ್ಥ. ಕೈಮೀರಿ ಖರ್ಚು ಮಾಡಿದ ಗೃಹಿಣಿಯ ತಿಂಗಳ ಕೊನೆಯಂತೆ.

ಇದರಲ್ಲಿ ಎಂಥೆಂಥ ಸ್ವಾರಸ್ಯಗಳಿವೆ ನೋಡಿ. ೧೭೦ ಉಳಿದಿದ್ದರೆ ಮೂರು ಬಾಣಗಳಲ್ಲಿ ಮುಗಿಸಬಹುದು: ಮೂರ್ಮಡಿ ಇಪ್ಪತ್ತು ಎರಡು ಸಲ, ಆಮೇಲೆ ಕೆಂಪು ಕಣ್ಣು. ಅದಕ್ಕಿಂತ ಒಂದು ಕಡಮೆಯಾದ ೧೬೯ನ್ನು ಮುಗಿಸಲು ಯಾವ ಗಂಧರ್ವನಿಂದಲೂ ಸಾಧ್ಯವಿಲ್ಲ, ೧೬೮ನ್ನೂ ಅಷ್ಟೆ, ೧೬೭ ಸಾಧ್ಯ. ಆ ರಾತ್ರಿ ನಾನು ಹಾಸಿಗೆಯಲ್ಲಿ ಕುಳಿತು, ಹೀಗೆ ಮುಗಿಯದ ಸಂಖ್ಯೆಗಳು ೧೭೦ರ ಕೆಳಗೆ ಎಷ್ಟಿವೆಯೆಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಏಳು. ಬಾಣ ತೀರ ಕಡಮೆ ಬಳಸಿ ೫೦೧ನ್ನು ಮುಗಿಸುವುದಾದರೆ ಒಂಬತ್ತು ಬೇಕು. ಆ ಒಂಬತ್ತನ್ನೂ ತಪ್ಪಿಲ್ಲದೆ ಹೊಡೆಯುವುದು ಜೀವಮಾನದ ಸಾಧನೆಯಂತೆ. ನನ್ನ ವಿದ್ಯಾರ್ಥಿಗಳ ಕೈಗೆ ಈ ಹಲಗೆಯನ್ನು ಕೊಟ್ಟಿದ್ದರೆ ಕಳೆಯುವ ಲೆಕ್ಕಕ್ಕಾಗಿ ನಾನು ಅಷ್ಟು ಗಂಟಲು ಹರಿದುಕೊಳ್ಳಬೇಕಾಗಿರಲಿಲ್ಲ.

ಹಲಗೆಯನ್ನು ಮುಟ್ಟಿ ನೋಡಿದೆ. ಮರದ್ದಲ್ಲ, ಒತ್ತಾಗಿ ಕಟ್ಟಿದ ಕುಂಚದ ತುದಿಯಂತೆ ಒರಟು. ಮೊದಲು ಎಲ್ಮ್ ಎಂಬ ಮರದ ಕೊರಡಿನಲ್ಲಿ ಮಾಡುತ್ತಿದ್ದರಂತೆ. ಬಾಣ ಚುಚ್ಚಿದ ತೂತು ಮುಚ್ಚಿಕೊಳ್ಳಲೆಂದು ಅದನ್ನು ನೀರಿನಲ್ಲಿ ನೆನೆಹಾಕಬೇಕಾಗುತ್ತಿತ್ತು. ಇಡ್ಲಿಯ ಅಕ್ಕಿ ನೆನೆಹಾಕುವಂತೆ ಪಬ್ಬಿನವನು ರಾತ್ರಿ ಹಲಗೆ ನೆನೆಹಾಕಿ ಮಲಗುವುದು! ೧೯೩೦ರ ದಶಕದಲ್ಲಿ ಸಿಸಾಲ್ ನಾರಿನ ಹಲಗೆ ಬಂದಿತು. ಸಿಸಾಲ್ ಎಂದರೆ ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಬೆಳೆಯುವ ಕತ್ತಾಳೆಯ ಜಾತಿಯದೇ. ನಾರನ್ನು ಗಿಡ್ಡವಾಗಿ ಕತ್ತರಿಸಿ, ತುದಿಗಳು ಮುಂದಕ್ಕೆ ಬರುವಂತೆ ನಿಲ್ಲಿಸಿ ಒತ್ತಿ ಬಿಗಿಯುತ್ತಾರೆ. ಬಾಣ ಎಳೆಗಳ ನಡುವೆ ಹೊಕ್ಕು ಕೂರುತ್ತದೆ. ಕಿತ್ತರೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ನಾವು ಹಗ್ಗ ಹೊಸೆದು ಎಮ್ಮೆ ಕಟ್ಟಿದೆವು. ಅವರು ಅದರಿಂದ ವಿಶ್ವಕಪ್ಪು ನಡೆಸಿದರು.

ವಿಶ್ವಕಪ್ಪು ಎಂದೆನಲ್ಲ, ನಾನು ಹೇಳಹೊರಟದ್ದು ಅದನ್ನೇ. ವಿಶ್ವ ಡಾರ್ಟ್ಸ್ ಒಕ್ಕೂಟದವರು ನಡೆಸುವ ಈ ಸ್ಪರ್ಧೆ ೧೯೭೭ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆರಂಭವಾಯಿತು. ಬಂದವು ರಾಷ್ಟ್ರೀಯ ತಂಡಗಳು, ಎಲ್ಲರೂ ಗಂಡಸರು. ಹೆಂಗಸರ ಸ್ಪರ್ಧೆ ಸೇರಿದ್ದು ೧೯೮೩ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಮೊದಮೊದಲು ದೇಶಕ್ಕೆ ಇಬ್ಬರೇ ಹೆಂಗಸರು. ಈಚಿನ ವರ್ಷಗಳಲ್ಲಿ ನಾಲ್ವರು. ಒಬ್ಬೊಬ್ಬರ ಆಟ, ಜೋಡಿಯ ಆಟ ಎಂದು ಬೇರೆ ಬೇರೆ ಇದ್ದು, ಗೆದ್ದ ಪಾಯಿಂಟುಗಳು ಕೂಡಿ ದೇಶದ ಹೆಸರಿಗೆ ಜಮೆಯಾಗುತ್ತವೆ. ಎರಡು ವರ್ಷಕ್ಕೊಮ್ಮೆ ಊರು ಬದಲಾಗುತ್ತದೆ: ಒಮ್ಮೆ ಕ್ವಾಲಾಲಂಪುರ, ಒಮ್ಮೆ ಜಪಾನಿನ ಕೋಬೆ, ಒಮ್ಮೆ ರುಮೇನಿಯದ ಕ್ಲುಜ್. ನಾನಿದ್ದ ವರ್ಷ, ೨೦೨೩ರ ಸೆಪ್ಟೆಂಬರಿನಲ್ಲಿ, ಡೆನ್ಮಾರ್ಕಿನ ಎಸ್ಬಿಯೆರ್ಗ್ ಎಂಬ ರೇವುಪಟ್ಟಣದಲ್ಲಿ ನಡೆಯಿತು.

ಈ ಆರು ವರ್ಷಗಳ ಅಂತರ ನನ್ನ ತಲೆ ತಿಂದಿತು. ಏಕೆಂದರೆ ಆಟದ ನಿಯಮಗಳಲ್ಲಿ ಹೆಂಗಸಿಗೊಂದು ಗಂಡಸಿಗೊಂದು ಎಂಬುದೇ ಇಲ್ಲ. ಟೆನ್ನಿಸಿನಲ್ಲಿ ಬಲ ಬೇಕೆನ್ನಿ. ಓಟದಲ್ಲಿ ಕಾಲು ಬೇಕೆನ್ನಿ. ಇಲ್ಲಿ ಬಾಣದ ತೂಕ ಇಪ್ಪತ್ತು ಇಪ್ಪತ್ತೈದು ಗ್ರಾಂ. ಒಂದು ನಿಂಬೆಹಣ್ಣಿನಷ್ಟೂ ಇಲ್ಲ. ನಿಲ್ಲುವ ಗೆರೆಯಿಂದ ಹಲಗೆಗೆ ೭ ಅಡಿ ೯¼ ಅಂಗುಲ, ಯಾರೇ ಆಡಲಿ. ನಡುಗಣ್ಣಿನ ಎತ್ತರ ೫ ಅಡಿ ೮ ಅಂಗುಲ, ಅದೂ ಯಾರೇ ಆಡಲಿ. (ಇದೊಂದರಲ್ಲಿ ಮಾತ್ರ ನನಗೆ ಸಂಶಯ. ಐದು ಅಡಿ ಎಂಟು ಅಂಗುಲವೆಂಬುದು ಗಂಡಸಿನ ಕಣ್ಣಿಗೆ ಅಳೆದು ತೂಗುಹಾಕಿದಂತಿದೆ. ನಾನು ನಾಲ್ಕು ಅಡಿ ಹನ್ನೊಂದು ಅಂಗುಲ. ನನಗೆ ಅದು ದೇವರ ಮಂದಾಸನವನ್ನು ನೋಡಿದಂತೆ ಕಾಣುತ್ತದೆ.) ಹಲಗೆ ಒಂದು, ಬಾಣ ಒಂದು, ದೂರ ಒಂದು, ಹಾಗಿದ್ದೂ ಹೆಂಗಸರು ಬಂದದ್ದು ತಡವಾಗಿ. ಏಕೆ?

ಮಗಳನ್ನು ಕೇಳಿದರೆ ಅವಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ‘ಹಲಗೆ ತೂಗುಹಾಕಿದ್ದ ಕೋಣೆ ಅವರದಾಗಿತ್ತಮ್ಮ.’

ಆ ಕೋಣೆಯ ಚರಿತ್ರೆ ದೊಡ್ಡದು. ಇಂಗ್ಲೆಂಡಿನ ಪಬ್ಬುಗಳಲ್ಲಿ ಕೆಲಸಗಾರ ಗಂಡಸರು ಕೂರುವ ಕೋಣೆ ಬೇರೆ, ಹೆಂಡತಿಯರನ್ನು ಕರೆತಂದರೆ ಕೂರಿಸುವ ಕೋಣೆ ಬೇರೆ ಇರುತ್ತಿತ್ತು. ಡಾರ್ಟ್ಸ್ ಹಲಗೆ ಸಾಮಾನ್ಯವಾಗಿ ಮೊದಲನೆಯದರಲ್ಲಿ. ಹೆಂಗಸರು ಅದಕ್ಕೆ ಕೈ ಹಾಕಿಯೇ ಇರಲಿಲ್ಲವೆಂದಲ್ಲ. ೧೯೩೭ರಲ್ಲಿ ಆರನೆಯ ಜಾರ್ಜ್ ದೊರೆಯೂ ಎಲಿಜಬೆತ್ ರಾಣಿಯೂ ಸ್ಲೌ ಎಂಬ ಊರಿನ ಸಮಾಜ ಕೇಂದ್ರವೊಂದಕ್ಕೆ ಹೋಗಿದ್ದಾಗ ಡಾರ್ಟ್ಸ್ ಹಲಗೆಗೆ ಬಾಣ ಎಸೆದರು. ರಾಣಿಯ ಅಂಕವೇ ಹೆಚ್ಚಾಯಿತು. ಪತ್ರಿಕೆಗಳಿಗೆ ಹಬ್ಬ. ರಾಣಿಯೇ ಆಡಿದ ಮೇಲೆ ನಮಗೇನೆಂದು ಎಷ್ಟೋ ಮಂದಿ ಹೆಂಗಸರು ಬಾಣ ಹಿಡಿದರಂತೆ. ಆದರೆ ರಾಣಿ ಎರಡು ನಿಮಿಷ ಆಡಿ ಕಾರು ಹತ್ತಿ ಹೋಗುವುದು ಬೇರೆ, ಗಿರಣಿಯಲ್ಲಿ ಕೆಲಸ ಮಾಡುವ ಹೆಂಗಸು ವಾರಕ್ಕೆ ನಾಲ್ಕು ಸಂಜೆ ಆ ಕೋಣೆಗೆ ಹೋಗಿ ಅಭ್ಯಾಸ ಮಾಡುವುದು ಬೇರೆ. ಲಂಡನ್ನಿನ ಫ್ಲೀಟ್ ಬೀದಿ ಪತ್ರಿಕೋದ್ಯಮದ ತವರು. ಅಲ್ಲಿನ ಎಲ್ ವೀನೊ ಎಂಬ ಮದ್ಯಶಾಲೆಯಲ್ಲಿ ಹೆಂಗಸರಿಗೆ ಕಟ್ಟೆಯ ಬಳಿ ನಿಂತು ಪಾನೀಯ ಕೊಳ್ಳುವ ಅವಕಾಶವೇ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಕುಳಿತರೆ ಮಾತ್ರ ತಂದುಕೊಡುತ್ತಿದ್ದರು. ಟೆಸ್ ಗಿಲ್ ಎಂಬ ವಕೀಲೆಯೂ ಆನಾ ಕೂಟ್ ಎಂಬ ಪತ್ರಕರ್ತೆಯೂ ಕೋರ್ಟಿಗೆ ಹೋದರು. ಇದು ಕಾನೂನಿಗೆ ವಿರುದ್ಧವೆಂದು ಮೇಲ್ಮನವಿಯ ನ್ಯಾಯಾಲಯ ತೀರ್ಪು ಕೊಟ್ಟದ್ದು ೧೯೮೨ರ ನವೆಂಬರಿನಲ್ಲಿ. ಮರುವರ್ಷವೇ ಎಡಿನ್‌ಬರೋ. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಪಂಚಾಂಗದಲ್ಲಿ ಎರಡೂ ಹೀಗೆ ಪಕ್ಕಪಕ್ಕದಲ್ಲಿ ಕುಳಿತಿರುವುದನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ.

ಕೋಣೆಯ ಮಾತು ಬಂದಾಗ ನನ್ನದೂ ಒಂದು ಇದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಉಪಾಧ್ಯಾಯರಿಗೆ ಎರಡು ಕೊಠಡಿಗಳಿದ್ದವು. ಗಂಡಸರ ಕೊಠಡಿಯಲ್ಲಿ ಕೇರಂ ಹಲಗೆ. ನಮ್ಮ ಕೊಠಡಿಯಲ್ಲಿ ಒಂದು ಕನ್ನಡಿ, ಒಂದು ನೀರಿನ ಹೂಜಿ. ‘ಹೆಂಗಸರಿಗೆ ಪ್ರವೇಶವಿಲ್ಲ’ ಎಂದು ಯಾರೂ ಬರೆದು ಅಂಟಿಸಿರಲಿಲ್ಲ. ಆದರೂ ಒಬ್ಬರೂ ಹೋಗುತ್ತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕಾಯಿಗಳು ಟಕಟಕನೆ ಸಿಡಿಯುವ ಸದ್ದು ಗೋಡೆಯಾಚೆಯಿಂದ ಕೇಳಿಸುತ್ತಿದ್ದಿತು. ನಾವು ಉತ್ತರಪತ್ರಿಕೆ ತಿದ್ದುತ್ತಿದ್ದೆವು. ವಾರ್ಷಿಕೋತ್ಸವ ಬಂದಾಗ ಮಾತ್ರ ‘ಮಹಿಳಾ ವಿಭಾಗ’ ಎಂದು ಒಂದು ಪಂದ್ಯ. ವರ್ಷವಿಡೀ ಮುಟ್ಟದ ಹಲಗೆಯ ಮೇಲೆ ಒಂದು ದಿನ, ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ ಆಡಬೇಕು. ಆಡಿದೆವು, ಹೇಗೆ ಆಡಬಹುದೋ ಹಾಗೆ. ಮುಖ್ಯೋಪಾಧ್ಯಾಯರು ಬಹುಮಾನವಾಗಿ ಸೋಪಿನ ಡಬ್ಬಿ ಕೊಡುತ್ತ, ‘ಕೇರಂ ಹೆಂಗಸರ ಕೈಗೆ ಹತ್ತುವ ಆಟವಲ್ಲ’ ಎಂದು ನಕ್ಕರು. ಸಭೆಯೂ ನಕ್ಕಿತು. ನಾವೂ ನಕ್ಕೆವು ಎಂಬುದೇ ಈಗ ಸಿಟ್ಟು ಬರಿಸುತ್ತದೆ.

ಹೆಂಗಸರ ಡಾರ್ಟ್ಸ್ ಬಹುಕಾಲ ಈ ವಾರ್ಷಿಕೋತ್ಸವದ ‘ಮಹಿಳಾ ವಿಭಾಗ’ದಂತೆಯೇ ನಡೆಯಿತು. ಗಂಡಸರ ವಿಶ್ವ ಚಾಂಪಿಯನ್‌ಷಿಪ್ ೧೯೭೮ರಲ್ಲಿ ಆರಂಭವಾದರೆ ಹೆಂಗಸರದು ಅದರ ಜೊತೆಗೆ ಸೇರಿದ್ದು ೨೦೦೧ರಲ್ಲಿ. ಸೇರಿದ ಮೇಲೂ ಗಂಡಸರ ಅಂತಿಮ ಪಂದ್ಯ ಹದಿಮೂರು ಸೆಟ್ಟುಗಳವರೆಗೆ ನಡೆದರೆ ಹೆಂಗಸರದು ಮೂರೇ ಸೆಟ್ಟು. ಬಹುಮಾನದ ಹಣ ಗಂಡಸರದರ ಒಂದು ಸಣ್ಣ ಪಾಲು. ಈ ಸ್ಪರ್ಧೆ ನಡೆಯುತ್ತಿದ್ದ ಲೇಕ್‌ಸೈಡ್ ಎಂಬ ಕ್ಲಬ್ಬು ಮಗಳ ಊರಿನಿಂದ ಮುಕ್ಕಾಲು ಗಂಟೆಯ ದಾರಿ, ಫ್ರಿಮ್ಲಿ ಗ್ರೀನ್ ಎಂಬಲ್ಲಿ. ಒಂದು ಭಾನುವಾರ ಅವಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಕೆರೆ, ಬಾತುಕೋಳಿ, ವಾಹನ ನಿಲ್ಲಿಸುವ ದೊಡ್ಡ ಬಯಲು. ಬಾಗಿಲು ಹಾಕಿತ್ತು. ಮಗಳು ಮಾತ್ರ ಧರ್ಮಸ್ಥಳಕ್ಕೆ ಬಂದವಳಂತೆ ನಿಂತಿದ್ದಳು.

ಅಲ್ಲಿ ಮೊದಲ ಏಳು ವರ್ಷ, ೨೦೦೧ರಿಂದ ೨೦೦೭ರವರೆಗೆ, ಒಬ್ಬಳೇ ಗೆದ್ದಳು: ಇಂಗ್ಲೆಂಡಿನ ಟ್ರೀನಾ ಗಲಿವರ್. ಒಟ್ಟು ಹತ್ತು ಸಲ. ಈಕೆ ಕಲಿತ ಕಸುಬು ಬಡಗಿತನ. ಡಾರ್ಟ್ಸ್ ಹಲಗೆಯ ಅಂಕಿಗಳನ್ನು ಹೀಗೆ ಜೋಡಿಸಿದವನು ಹತ್ತೊಂಬತ್ತನೆಯ ಶತಮಾನದ ಒಬ್ಬ ಬಡಗಿಯೆಂಬ ಐತಿಹ್ಯವೊಂದಿದೆ, ನಂಬುವವರು ನಂಬಬಹುದು. ಯಾರೇ ಜೋಡಿಸಿರಲಿ, ಆಸಾಮಿ ನಿರ್ದಯಿ: ಇಪ್ಪತ್ತರ ಎಡಬಲಕ್ಕೆ ಐದು ಮತ್ತು ಒಂದನ್ನು ಕೂರಿಸಿದ್ದಾನೆ. ದುರಾಸೆಯಿಂದ ಇಪ್ಪತ್ತಕ್ಕೆ ಎಸೆದು ಕೂದಲೆಳೆಯಷ್ಟು ತಪ್ಪಿದರೆ ಕೈಗೆ ಸಿಗುವುದು ಒಂದು.

ಗಲಿವರ್ ಅವರಿಗಿಂತ ನನ್ನ ಮನಸ್ಸು ಹಿಡಿದವರು ಅವರ ಎದುರಾಳಿ, ನೆದರ್ಲೆಂಡ್ಸಿನ ಫ್ರಾನ್ಸಿಸ್ ಹೂನ್ಸೆಲಾರ್. ೨೦೦೨ರ ಅಂತಿಮ ಪಂದ್ಯದಲ್ಲಿ ಗಲಿವರ್ ಎದುರು ಸೋಲು. ೨೦೦೪ರಲ್ಲಿ ಸೋಲು. ೨೦೦೫, ೨೦೦೬, ೨೦೦೭. ಮೂರು ವರ್ಷವೂ ಅದೇ ವೇದಿಕೆ, ಅದೇ ಎದುರಾಳಿ, ಸೋಲು. ಐದು ಸಲ! ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮೂರನೆಯ ಸಲ ಕೂರುವ ಹುಡುಗಿಯನ್ನು ಮದುವೆ ಮಾಡಿ ಕಳಿಸುತ್ತಾರೆ. ಹೂನ್ಸೆಲಾರ್ ೨೦೦೯ರಲ್ಲಿ ಆರನೆಯ ಸಲ ಅಂತಿಮ ಪಂದ್ಯಕ್ಕೆ ಬಂದರು. ಎದುರಿಗೆ ಅದೇ ಗಲಿವರ್. ಎರಡು ಸೆಟ್ಟಿಗೆ ಒಂದರಂತೆ ಗೆದ್ದರು. ಆಮೇಲೆ ಇಂಗ್ಲೆಂಡಿನ ಹೊರಗಿನವರು ಇನ್ನೂ ಬಂದರು: ೨೦೦೮ರಲ್ಲಿಯೇ ಗಲಿವರ್ ಅವರ ಸರಣಿ ಮುರಿದವರು ರಷ್ಯದ ಅನಸ್ತಾಸಿಯ ದೊಬ್ರೊಮಿಸ್ಲೋವ, ೨೦೧೯ ಮತ್ತು ೨೦೨೦ರಲ್ಲಿ ಗೆದ್ದವರು ಜಪಾನಿನ ಮಿಕುರು ಸುಜುಕಿ. ಸುಜುಕಿ ವೇದಿಕೆಗೆ ಬರುತ್ತಿದ್ದುದು ಮಕ್ಕಳ ಮೀನಿನ ಹಾಡಿಗೆ ಕುಣಿಯುತ್ತ. ಲೇಕ್‌ಸೈಡಿನ ಗಡ್ಡದ ಗಂಡಸರೆಲ್ಲ ಕೈ ಬಾಯಿ ಆಡಿಸಿ ಜೊತೆಗೆ ಕುಣಿದರು. ರಷ್ಯದಲ್ಲಿ, ಜಪಾನಿನಲ್ಲಿ ಇಂಗ್ಲೆಂಡಿನ ಆ ಹಳೆಯ ಪಬ್ಬಿನ ಕೋಣೆ ಇಲ್ಲ. ಜಪಾನಿನಲ್ಲಿ ಪ್ಲಾಸ್ಟಿಕ್ ಮೊನೆಯ ಬಾಣಗಳನ್ನು ವಿದ್ಯುತ್ ಹಲಗೆಗೆ ಎಸೆಯುವ ಆಟ ಜನಪ್ರಿಯ. ಹುಡುಗ ಹುಡುಗಿಯರು ಸಂಜೆ ಕೂಡಿ ಆಡುತ್ತಾರೆ. ಗೋಡೆ ಬದಲಾದಾಗ ಆಡುವ ಕೈಯೂ ಬದಲಾಗುತ್ತದೆಯೆಂದು ನನಗೆ ತೋರುತ್ತದೆ. ಇದು ನನ್ನ ಊಹೆ. ಪಂಡಿತರು ಬೇರೆ ಕಾರಣ ಹೇಳಬಹುದು. ಹೆಂಗಸರ ಕಣ್ಣು, ಹೆಂಗಸರ ತೋಳು ಎಂದೆಲ್ಲ ಹೇಳುವವರನ್ನು ನಾನೂ ಕೇಳಿದ್ದೇನೆ. ಸೂಜಿಗೆ ದಾರ ಪೋಣಿಸಲು ಅವರೇ ನಮ್ಮ ಬಳಿ ಬರುತ್ತಾರೆ.

೨೦೧೯ರ ಡಿಸೆಂಬರ್ ೧೭ರಂದು ಲಂಡನ್ನಿನ ಅಲೆಕ್ಸಾಂಡ್ರ ಪ್ಯಾಲೇಸಿನಲ್ಲಿ, ಗಂಡಸರೇ ತುಂಬಿದ್ದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ಫ್ಯಾಲನ್ ಶೆರಕ್ ಎಂಬ ಹೆಂಗಸು ಟೆಡ್ ಎವೆಟ್ಸ್ ಎಂಬವರನ್ನು ಸೋಲಿಸಿದರು. ಆ ಸ್ಪರ್ಧೆಯಲ್ಲಿ ಹೆಂಗಸೊಬ್ಬಳು ಗಂಡಸನ್ನು ಗೆದ್ದದ್ದು ಅದೇ ಮೊದಲು. ಮುಂದಿನ ಸುತ್ತಿನಲ್ಲಿ ಮೆನ್ಸುರ್ ಸುಲ್ಯೊವಿಚ್ ಅವರನ್ನೂ ಸೋಲಿಸಿದರು. ಶೆರಕ್ ಕಲಿತ ಕಸುಬು ಕೇಶಾಲಂಕಾರ. ಮಗಳು ಆ ಪಂದ್ಯದ ಚಿತ್ರವನ್ನು ತೋರಿಸಿದಳು. ಸಭಾಂಗಣದಲ್ಲಿದ್ದವರೆಲ್ಲ ಆಕೆಯ ಹೆಸರು ಹಿಡಿದು ಕೂಗುತ್ತಿದ್ದರು. ನನಗೇಕೋ ಆ ಕೂಗಿಗಿಂತ ಎಸ್ಬಿಯೆರ್ಗಿನ ಆಟವೇ ಹಿತವಾಯಿತು. ಅಲ್ಲಿ ಅಷ್ಟು ಅಬ್ಬರವಿಲ್ಲ. ಹೆಂಗಸರು ದೇಶದ ಹೆಸರಿನ ಅಂಗಿ ತೊಟ್ಟು ಜೋಡಿ ಜೋಡಿಯಾಗಿ ಬಂದು ನಿಲ್ಲುತ್ತಾರೆ. ಕೆಲವರು ಇಪ್ಪತ್ತರ 

ಹುಡುಗಿಯರು, ಕೆಲವರು ನನ್ನ ಓರಗೆಯವರಂತೆ ಕಾಣುತ್ತಾರೆ. ಬೇರೆ ಯಾವ ಆಟದಲ್ಲಿ ಅಜ್ಜಿಯೂ ಮೊಮ್ಮಗಳೂ ಒಂದೇ ರಾಷ್ಟ್ರೀಯ ತಂಡದ ಅಂಗಿ ತೊಡುವ ವಯಸ್ಸಿನವರಾಗಿರಬಲ್ಲರು?

ಇಂಗ್ಲೆಂಡಿನ ಅಂಗಿ ತೊಟ್ಟವರಲ್ಲಿ ಡೀಟಾ ಹೆಡ್ಮನ್ ಅವರ ಹೆಸರನ್ನು ಮಗಳು ಭಕ್ತಿಯಿಂದ ಹೇಳುತ್ತಾಳೆ. ಹುಟ್ಟಿದ್ದು ಜಮೈಕದಲ್ಲಿ, ಹುಡುಗಿಯಾಗಿದ್ದಾಗ ಇಂಗ್ಲೆಂಡಿಗೆ ಬಂದವರು, ಅಂಚೆ ಇಲಾಖೆಯಲ್ಲಿ ದುಡಿದವರು. ೨೦೧೬ರವರೆಗೆ ಲೇಕ್‌ಸೈಡಿನಲ್ಲಿ ಮೂರು ಸಲ ಅಂತಿಮ ಪಂದ್ಯ ತಲಪಿ ಮೂರು ಸಲವೂ ಸೋತಿದ್ದರು. ೨೦೧೪ರಲ್ಲಿ ಸೋಲಿಸಿದವರು ಲೀಸಾ ಆಷ್ಟನ್, ೨೦೧೬ರಲ್ಲಿ ಟ್ರೀನಾ ಗಲಿವರ್, ಇಬ್ಬರೂ ಇಂಗ್ಲೆಂಡಿನವರೇ. ವರ್ಷದ ಒಂದು ತಿಂಗಳಲ್ಲಿ ಎದುರಾಳಿಗಳು. ಇನ್ನೊಂದು ತಿಂಗಳಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಲೆಕ್ಕವನ್ನು ಕಳೆಯುವವರು. ನಿನ್ನೆ ನಿನ್ನ ಪ್ರಶಸ್ತಿ ಕಸಿದುಕೊಂಡವಳಿಗೆ ಇಂದು ನೀನು ಒಳ್ಳೆಯ ಸಂಖ್ಯೆ ಉಳಿಸಿ ಕೊಡಬೇಕು.

ಈ ‘ಉಳಿಸಿ ಕೊಡುವ’ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೋಡಿಯಾಟದಲ್ಲಿ ಇಬ್ಬರು ಜೊತೆಗಾರರಿಗೆ ಲೆಕ್ಕ ಒಂದೇ. ಒಬ್ಬಳು ಮೂರು ಬಾಣ ಎಸೆದು ಸರಿಯುತ್ತಾಳೆ. ಎದುರಾಳಿಯ ಸರದಿ ಮುಗಿದ ಮೇಲೆ ಇನ್ನೊಬ್ಬಳು ಅಲ್ಲಿಂದ ಮುಂದುವರಿಸಬೇಕು. ಆದುದರಿಂದ ಕೊನೆಗೆ ಬಂದಾಗ ಕೇವಲ ಹೆಚ್ಚು ಅಂಕ ಹೊಡೆದರೆ ಸಾಲದು; ಜೊತೆಗಾತಿಗೆ ಸುಲಭವಾದ ಸಂಖ್ಯೆಯನ್ನು ಬಿಟ್ಟು ಬರಬೇಕು. ಎಲ್ಲಕ್ಕಿಂತ ಒಳ್ಳೆಯದು ಮೂವತ್ತೆರಡು. ಏಕೆನ್ನುತ್ತೀರಾ? ಮೂವತ್ತೆರಡಕ್ಕೆ ಇಮ್ಮಡಿ ಹದಿನಾರು ಹೊಡೆಯಬೇಕು. ತಪ್ಪಿ ಬರಿಯ ಹದಿನಾರಕ್ಕೆ ಬಿದ್ದರೂ ಹದಿನಾರು ಉಳಿಯುತ್ತದೆ. ಅದಕ್ಕೆ ಇಮ್ಮಡಿ ಎಂಟು. ಅದೂ ತಪ್ಪಿದರೆ ಎಂಟು ಉಳಿಯುತ್ತದೆ, ಇಮ್ಮಡಿ ನಾಲ್ಕು. ಮತ್ತೆ ತಪ್ಪಿದರೆ ನಾಲ್ಕು, ಆಮೇಲೆ ಎರಡು. ಅರ್ಧ, ಅರ್ಧದಲ್ಲಿ ಅರ್ಧ. ಎಷ್ಟು ಸಲ ಎಡವಿದರೂ ಹಿಡಿದುಕೊಳ್ಳಲು ಒಂದು ಮೆಟ್ಟಿಲು. ನಲವತ್ತು ದೊಡ್ಡ ಸಂಖ್ಯೆಯೆಂದು ಕಾಣುತ್ತದೆ. ಅದರಲ್ಲಿ ಮೂರು ಸಲ ಎಡವಿದರೆ ಐದಕ್ಕೆ ಬಂದು ನಿಲ್ಲುತ್ತೀರಿ. ಐದಕ್ಕೆ ಅರ್ಧವಿಲ್ಲ. ಮೂವತ್ತೆರಡನ್ನು ಉಳಿಸುವವಳು ಜೊತೆಗಾತಿ ತಪ್ಪುವಳೆಂದು ಮೊದಲೇ ಒಪ್ಪಿಕೊಂಡು ಅದಕ್ಕೆ ಜಾಗ ಮಾಡಿಟ್ಟಿರುತ್ತಾಳೆ. ಎಸ್ಬಿಯೆರ್ಗಿನ ಆಟ ನೋಡುತ್ತ ನಾನು ಬಾಣ ನೋಡುವುದನ್ನು ಬಿಟ್ಟು, ಪ್ರತಿ ಸರದಿಯ ಕೊನೆಗೆ ಯಾರು ಯಾರಿಗೆ ಏನು ಉಳಿಸಿದರು ಎಂಬುದನ್ನೇ ನೋಡುತ್ತಿದ್ದೆ.

ಅಕ್ಟೋಬರಿನ ಒಂದು ಗುರುವಾರ ಮಗಳು ಸಂಕೋಚಪಡುತ್ತ, ‘ಅಮ್ಮ, ನೀನೂ ಬರುತ್ತೀಯಾ?’ ಎಂದಳು. ಹೋದೆ. ರೇಷ್ಮೆ ಸೀರೆ ಉಟ್ಟುಕೊಂಡೇ ಹೋದೆ. ಚಾವಡಿಯೋ ಹೆಂಡದಂಗಡಿಯೋ, ಮೊದಲ ಸಲ ಹೋಗುವಾಗ ಮರ್ಯಾದೆಯಿಂದ ಹೋಗಬೇಕು. ಒಳಗೆ ಮರದ ತೊಲೆಗಳ ತಗ್ಗು ಚಾವಣಿ, ಹುರಿದ ಆಲೂಗೆಡ್ಡೆಯ ವಾಸನೆ, ಒಂದು ಮುದಿ ನಾಯಿ. ಕಟ್ಟೆಯ ಬಳಿ ನಾಲ್ಕಾರು ಗಂಡಸರು ತಮ್ಮ ಪಾಡಿಗೆ ಕುಡಿಯುತ್ತಿದ್ದರು. ಹಲಗೆ ಇದ್ದ ಕೋಣೆ ಆ ಸಂಜೆ ಹೆಂಗಸರದು. ಮಗಳ ತಂಡದಲ್ಲಿ ಆಸ್ಪತ್ರೆಯ ದಾದಿ ಒಬ್ಬರು, ಶಾಲೆಯ ಬಸ್ಸು ನಡೆಸುವವರು ಒಬ್ಬರು. ಎಪ್ಪತ್ತು ದಾಟಿದ, ಹೆಣಿಗೆಯ ಚೀಲವನ್ನು ಕೈಬಿಡದ ಅಜ್ಜಿ ಒಬ್ಬರು. ಆ ಅಜ್ಜಿಯೇ ಮಗಳ ಜೊತೆಗಾತಿ. ನನ್ನನ್ನು ಕಂಡವರೇ, ‘ನಿಮ್ಮ ಮಗಳ ಎಡವಟ್ಟುಗಳಿಗೆಲ್ಲ ನಾನೇ ಇಮ್ಮಡಿ ಹೊಡೆಯಬೇಕು’ ಎಂದು ದೂರು ಹೇಳಿದರು. ಮಗಳ ಮುಖ ಅರಳಿತು. ಇಷ್ಟು ವರ್ಷದಲ್ಲಿ ನನ್ನ ಯಾವ ಹೊಗಳಿಕೆಗೂ ಅವಳ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿಲ್ಲ.

ಆ ದಿನ ಅಂಕ ಬರೆಯುವಾಕೆಗೆ ನೆಗಡಿ, ಬಂದಿರಲಿಲ್ಲ. ಆ ಪಬ್ಬಿನಲ್ಲಿ ಇನ್ನೂ ಕರಿಹಲಗೆ, ಸೀಮೆಸುಣ್ಣ. ‘ನನ್ನಮ್ಮ ಲೆಕ್ಕದ ಮೇಡಂ’ ಎಂದು ಮಗಳು ಹೇಳಿದ್ದೇ ತಡ, ಕ್ಯಾಪ್ಟನ್ ಸೀಮೆಸುಣ್ಣವನ್ನು ನನ್ನ ಕೈಗೆ ಹಾಕಿದರು. ಬರೆಯುವವರಿಗೂ ನಿಯಮಗಳಿವೆ. ಬಾಣ ಎಸೆಯುವಾಗ ಹಲಗೆಯ ಪಕ್ಕದಲ್ಲಿ ಅಲುಗದೆ ನಿಂತಿರಬೇಕು. ಆಡುವವಳು ಕೇಳಿದರೆ ಎಷ್ಟು ಹೊಡೆದೆ, ಎಷ್ಟು ಉಳಿಯಿತು ಎಂದು ಹೇಳಬಹುದು. ಅದನ್ನು ಹೇಗೆ ಮುಗಿಸಬೇಕೆಂದು ಮಾತ್ರ ಹೇಳಕೂಡದು. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿ ಅಭ್ಯಾಸವಿದ್ದುದರಿಂದ ಇದೇನು ಮಹಾ ಎಂದುಕೊಂಡೆ.

ಕೊನೆಯ ಆಟ ಜೋಡಿಯದು. ಅಜ್ಜಿ ಮೂರು ಬಾಣ ಎಸೆದು, ಬೇಕೆಂದೇ ಕೊನೆಯದನ್ನು ಸಣ್ಣ ಅಂಕಕ್ಕೆ ಹಾಕಿ, ಮೂವತ್ತೆರಡು ಉಳಿಸಿಟ್ಟು ಸರಿದರು. ಎದುರಾಳಿಗೆ ನಲವತ್ತು. ಮಗಳು ಗೆರೆಗೆ ಬಂದಳು. ಮೊದಲ ಬಾಣ ಬರಿಯ ಹದಿನಾರಕ್ಕೆ ಬಿದ್ದಿತು. ಎರಡನೆಯದು ಬರಿಯ ಎಂಟಕ್ಕೆ. ಅವಳು ತಡೆದು ನಿಂತು ನನ್ನ ಕಡೆ ನೋಡಿದಳು. ಏಳನೆಯ ತರಗತಿಯಲ್ಲಿ ಭಿನ್ನರಾಶಿ ತಿಳಿಯದಿದ್ದಾಗ ನೋಡುತ್ತಿದ್ದ ನೋಟವೇ ಅದು.

‘ಎಷ್ಟು ಉಳಿಯಿತು?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

‘ಎಂಟು’ ಎಂದೆ. ಇಮ್ಮಡಿ ನಾಲ್ಕು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮೂರನೆಯ ಬಾಣ ನಾಲ್ಕರ ಹೋಳಿಗೇ ಹೋಯಿತು. ಆದರೆ ಇಮ್ಮಡಿಯ ಪಟ್ಟಿಯಿಂದ ಒಂದು ತಂತಿಯಷ್ಟು ಒಳಗೆ. ನಾನು ಮೂವತ್ತೆರಡರ ಕೆಳಗೆ ೪ ಎಂದು ದುಂಡಗೆ ಬರೆದೆ. ಎದುರಾಳಿಯ ಮೂರು ಬಾಣಗಳೂ ಇಮ್ಮಡಿ ಇಪ್ಪತ್ತರ ಹೊರಗೆ ಬಿದ್ದವು. ಆಮೇಲೆ ಆ ಅಜ್ಜಿ ಎದ್ದು, ಕನ್ನಡಕ ಒರಸಿಕೊಂಡು ಬಂದು, ಮೊದಲ ಬಾಣಕ್ಕೇ ಇಮ್ಮಡಿ ಎರಡನ್ನು ಹೊಡೆದು, ಉಳಿದೆರಡು ಬಾಣಗಳನ್ನು ಮಗಳ ಕೈಗೆ ಕೊಟ್ಟು, ತಮ್ಮ ಹೆಣಿಗೆಯ ಚೀಲ ಎಲ್ಲಿಟ್ಟೆನೆಂದು ಹುಡುಕತೊಡಗಿದರು.